ಸುಮ್ಮನೆ ಕುಳಿತದ್ದು ಒಪ್ಪಿಗೆಯಲ್ಲ

ವಿದ್ಯುತ್ ಖರೀದಿ ಒಪ್ಪಂದದ ಬಗ್ಗೆ ಇಂದು ಗ್ರಾಹಕರ ಅಹವಾಲು ಸಭೆಯ ಅಧ್ಯಕ್ಷತೆ ವಹಿಸಿದ್ದ ವಿದ್ಯುತ್ ಕಂಪನಿಯ ಅಧಿಕಾರಿಯವರಿಗೆ,

ಮಾನ್ಯರೇ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿದು ಮೆಸ್‌ಗಳಿಗೆ ಕಳಿಸಿದೆ. ಮಧ್ಯಾಹ್ನ ಸುಂಕದಕಟ್ಟೆಯಿಂದ ಬಸ್ ಹಿಡಿದು ವಿಜಯನಗರದಲ್ಲಿ ನೀವು ಕರೆದಿದ್ದ ಸಭೆಗೆ ಬಂದೆ. ಸರದಿ ಬಂದಾಗ ಎದ್ದು ನಿಂತೆ. ನೀವು ಒಂದು ಪ್ರಶ್ನೆ ಕೇಳಿದಿರಿ. ನಾನು ಉತ್ತರ ಕೊಡದೆ ಕುಳಿತೆ. ಸಭೆ ಮುಗಿಯುವಾಗ ನಿಮ್ಮ ಗುಮಾಸ್ತರು ನಡವಳಿಯನ್ನು ಗಟ್ಟಿಯಾಗಿ ಓದಿದರು: ‘ಸುಂಕದಕಟ್ಟೆ ನಿವಾಸಿಗಳ ಪರವಾಗಿ ಬಂದಿದ್ದ ಮಹಿಳೆಯು ಅಧ್ಯಕ್ಷರ ವಿವರಣೆಯಿಂದ ಸಮಾಧಾನಗೊಂಡು ಆಕ್ಷೇಪಣೆಯನ್ನು ಮುಂದುವರಿಸಲಿಲ್ಲ.’ ನಾನು ಸಮಾಧಾನಗೊಂಡಿಲ್ಲ. ಆಕ್ಷೇಪಣೆಯನ್ನು ಬಿಟ್ಟೂ ಇಲ್ಲ. ನನಗೆ ಮಾತು ಬರಲಿಲ್ಲ, ಅಷ್ಟೇ. ಮಾತು ಬಾರದವರನ್ನೆಲ್ಲ ಸಮಾಧಾನಗೊಂಡವರ ಪಟ್ಟಿಗೆ ಸೇರಿಸುವುದು ನಿಮ್ಮ ಕಚೇರಿಯ ನಿಯಮವೇ ಆಗಿದ್ದರೆ, ಈ ಊರಿನಲ್ಲಿ ನಿಮ್ಮಷ್ಟು ಜನರನ್ನು ಸಮಾಧಾನಪಡಿಸಿದ ಕಚೇರಿ ಇನ್ನೊಂದಿರಲಾರದು.

ನಾನು ಏಳನೆಯ ತರಗತಿಯವರೆಗೆ ಓದಿದವಳು. ದಿನಕ್ಕೆ ನಾಲ್ಕು ಸಾಲು ಬರೆದಿಡುವ ಅಭ್ಯಾಸವಿದೆ. ಇವತ್ತು ನಾಲ್ಕು ಸಾಲಿಗೆ ಮುಗಿಯಲಿಲ್ಲ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ, ಎಲ್ಲರೂ ಓದಲಿ ಎಂದು ಪತ್ರಿಕೆಗೂ ಕಳಿಸುತ್ತಿದ್ದೇನೆ.

ಸಭೆಗೆ ಬಾರದವರಿಗೆ ವಿಷಯ ತಿಳಿಯಬೇಕು. ಉತ್ತರ ಕರ್ನಾಟಕದ ನಮ್ಮ ಹಳ್ಳಿಯ ಪಕ್ಕದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ತೆಗೆಯುವ ಹಳೆಯ ಘಟಕವೊಂದಿದೆ. ಅದರಿಂದ ಕರೆಂಟ್ ಕೊಳ್ಳುವ ನಿಮ್ಮ ಒಪ್ಪಂದ ಈ ವರ್ಷ ಮುಗಿಯುತ್ತದೆ. ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಲು ಹೊರಟಿದ್ದೀರಿ. ಮುಂದುವರಿಸಬೇಡಿ, ಆ ಕರೆಂಟನ್ನು ಬಿಸಿಲಿನಿಂದಲೋ ಗಾಳಿಯಿಂದಲೋ ಬರುವ ಕಡೆ ಕೊಳ್ಳಿ ಎಂಬುದು ನಮ್ಮ ಬೀದಿಯವರ ಆಕ್ಷೇಪಣೆ. ನನ್ನ ಗಂಡ ದ್ಯಾಮಪ್ಪ ಆ ಘಟಕದ ಬೂದಿ ವಿಭಾಗದಲ್ಲಿ ಗುತ್ತಿಗೆ ಕೂಲಿಯಾಗಿದ್ದರು. ಮೂಗಿಗೆ ಟವೆಲ್ ಸುತ್ತಿಕೊಂಡು, ಗುಂಡಿಗೆ ಇಳಿದು ಬೂದಿ ತೆಗೆಯುವ ಕೆಲಸ. ಉಸಿರು ಕಟ್ಟಲು ಶುರುವಾದ ಮೇಲೆ ಗುತ್ತಿಗೆದಾರ ಬೇರೆಯವರನ್ನು ಇಟ್ಟುಕೊಂಡ. ನಾವು ಆಸ್ಪತ್ರೆಗೆ ಹತ್ತಿರವಾಗುತ್ತದೆಂದು ಬೆಂಗಳೂರಿಗೆ ಬಂದೆವು.

ಸುಂಕದಕಟ್ಟೆಯಲ್ಲಿ ನಮಗೆ ಮನೆ ಕೊಟ್ಟವರು ಬೋರಮ್ಮನವರು. ಅಲ್ಲೆಲ್ಲ ಹೊಲವಿದ್ದಾಗಿನಿಂದ ಇರುವ ಮನೆತನ. ಮೊದಲ ಬೇಸಿಗೆಯಲ್ಲಿ ಅವರ ತಾರಸಿಯ ಮೇಲೆ ಸಂಡಿಗೆ ಇಟ್ಟು, ಊರಿನ ರೂಢಿಯಂತೆ ಮೇಲೆ ಹಳೆಯ ಸೀರೆ ಹೊದಿಸಿದ್ದೆ. ಬೋರಮ್ಮನವರು ಬಟ್ಟೆ ತೆಗೆಯಲು ಬಂದವರು ನಿಂತು ನೋಡಿದರು.

“ಏನ್ ಮುತ್ತವ್ವ, ಸಂಡಿಗೆಗೂ ಸೀರೆ ಉಡ್ಸಿದೀಯಲ್ಲ? ಬಿಸ್ಲು ಬೀಳದೆ ಅದೆಂಗೆ ಒಣಗ್ತದೆ?”

“ಬೂದಿ ಬೀಳತೈತಲ್ರೀ” ಎಂದೆ.

“ಯಾವ್ ಬೂದಿ? ಇಲ್ಲೇನ್ ಪಕ್ಕದಲ್ಲಿ ಸುಡುಗಾಡು ಐತಾ?”

ಗೋಡೆಗೊರಗಿ ಬಿಸಿಲು ಕಾಯಿಸುತ್ತಿದ್ದ ನಮ್ಮವರು ನಕ್ಕರು. “ನಿಮ್ಮ ಮನಿ ಫ್ರಿಜ್ಜಿನ ಬೂದಿರೀ ಅಕ್ಕಾರ. ಫ್ರಿಜ್ಜು ಇಲ್ಲೈತಿ, ಬೂದಿ ನಮ್ಮೂರಾಗ ಬೀಳತೈತಿ” ಎಂದರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಬೋರಮ್ಮನವರು ಬಟ್ಟೆಯ ಬಕೆಟ್ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಅವರೇ ಬಗ್ಗಿ ಸೀರೆ ಸರಿಸಿದರು. ಬೂದಿ ಬೀಳದ ಆಕಾಶದ ಕೆಳಗೆ ಸಂಡಿಗೆ ಎಷ್ಟು ಬೆಳ್ಳಗೆ ಒಣಗುತ್ತದೆಂದು ನಾನು ಬುದ್ಧಿ ಬಂದ ಮೇಲೆ ಮೊದಲ ಸಲ ನೋಡಿದ್ದು ಅವತ್ತು.

ನಮ್ಮ ಬೀದಿಯ ಸಂಘಟನೆ ಶುರುವಾದದ್ದು ಹೀಗೆ, ಮಾನ್ಯರೇ. ಯಾವ ಪಕ್ಷವೂ ನಮ್ಮನ್ನು ಕಳಿಸಿಲ್ಲ, ಯಾರ ದುಡ್ಡೂ ಇಲ್ಲ. ‘ನಿಮ್ಮ ಹಿಂದೆ ಯಾರಿದ್ದಾರೆ’ ಎಂದು ಇವತ್ತು ಸಭೆಯ ಶುರುವಿನಲ್ಲಿ ಎಲ್ಲರನ್ನೂ ಕೇಳಿದಿರಲ್ಲ, ನಮ್ಮ ಹಿಂದಿನ ಸಾಲಿನಲ್ಲಿ ಬೋರಮ್ಮನವರು ಕುಳಿತಿದ್ದರು. ಅವರ ಸೊಸೆ ಕವನಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಒಪ್ಪಂದದ ಪ್ರಕಟಣೆಯನ್ನು ಪತ್ರಿಕೆಯ ಮೂಲೆಯಲ್ಲಿ ಕಂಡವಳು ಅವಳು. ಅದನ್ನು ಓದಲು ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಕಾಗದ ಉಳಿಸುವ ಕಾಳಜಿ ಇದ್ದಿರಬೇಕು.

ಆಕ್ಷೇಪಣೆಗೆ ಸಹಿ ಕೇಳಿ ಮನೆ ಮನೆಗೆ ಹೋದೆವು. ಎಲ್ಲರೂ ಒಪ್ಪಿದರು ಎಂದು ಸುಳ್ಳು ಹೇಳುವುದಿಲ್ಲ. ಬಾಗಿಲು ತೆರೆಯದವರಿದ್ದಾರೆ. ಕರೆಂಟೇ ಹೋಗಿಬಿಟ್ಟರೆ ಮಕ್ಕಳ ಪರೀಕ್ಷೆಯ ಗತಿಯೇನು ಎಂದು ಹೆದರಿದವರಿದ್ದಾರೆ. ಕೆಳಗಿನ ಮನೆಯ ದರ್ಶನ್ ಬೈಕಿನಲ್ಲಿ ಊಟ ತಲುಪಿಸುವ ಹುಡುಗ. “ಬಿಲ್ಲೇ ಜೀರೋ ಬರ್ತಿದೆ ಆಂಟಿ, ಇನ್ನೇನ್ ಬೇಕು ನಿಮ್ಗೆ?” ಎಂದ. ಕವನಾ ಬಿಡಲಿಲ್ಲ. “ನಿನ್ ಬಿಲ್ಲು ಜೀರೋ ಕಣೋ. ಮೇಲಿನ ಮನೆ ಅಂಕಲ್ ಲಂಗ್ಸೂ ಜೀರೋ. ಮೆಟ್ಲು ಹತ್ತಿ ನೋಡ್ಕೊಂಡು ಬಾ ಹೋಗು” ಎಂದಳು. ಅವನು ಬಂದು ನೋಡಿದ. ಸಹಿ ಹಾಕಿದ, ತನ್ನ ಗೆಳೆಯರಿಂದಲೂ ಹಾಕಿಸಿದ. ಬೋರಮ್ಮನವರು ತಾರಸಿಯ ಮೇಲೆ ಶೀಟಿನ ರೂಮು ಕಟ್ಟಿಸಿ ಬಾಡಿಗೆಗೆ ಕೊಡಬೇಕೆಂದಿದ್ದರು. ಅದನ್ನು ಬಿಟ್ಟು ಸೋಲಾರ್ ಹಾಕಿಸಲು ಅರ್ಜಿ ಕೊಟ್ಟಿದ್ದಾರೆ. ಬೇಡ ಎಂದು ಕೂಗುವವರು ಮಾತ್ರ ನಾವಲ್ಲ ಎಂದು ತೋರಿಸಲು ಇದನ್ನು ಹೇಳಿದೆ.

ನಮ್ಮವರು ಹೋದದ್ದು ಕಳೆದ ಮಾಘದಲ್ಲಿ. ಸಾವಿಗೆ ಬೂದಿಯೇ ಕಾರಣ ಎಂದು ಬರೆದ ಕಾಗದ ನನ್ನ ಬಳಿ ಇಲ್ಲ. ಶ್ವಾಸಕೋಶದ ಕಾಯಿಲೆ ಎಂದು ವೈದ್ಯರು ಬರೆದರು. ಅದಕ್ಕಿಂತ ಹೆಚ್ಚನ್ನು ನಾನೂ ಹೇಳಲಾರೆ. ಆದರೆ ಅವರ ಜೊತೆ ಬೂದಿ ತೆಗೆದ ಮರಿಯಪ್ಪ ಈಗ ಊರಿನಲ್ಲಿ ಅದೇ ರೀತಿ ಕೆಮ್ಮುತ್ತಿದ್ದಾರೆ. ನೀವು ಹತ್ತು ವರ್ಷಕ್ಕೆ ಸಹಿ ಹಾಕಿದರೆ ಆ ಗುಂಡಿಗೆ ಇಳಿಯಬೇಕಾದವರು ಈಗ ಯಾವ ಶಾಲೆಯಲ್ಲಿ ಓದುತ್ತಿದ್ದಾರೆಂಬುದು ನನಗೆ ಗೊತ್ತು. ಅದು ನಾನು ಓದಿದ ಶಾಲೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಎರಡು ಮಾತು ಆಡುವಷ್ಟರಲ್ಲಿ ನೀವು ಮೈಕ್ ಎಳೆದುಕೊಂಡು ಕೇಳಿದಿರಿ: “ಕಲ್ಲಿದ್ದಲು ಬೇಡ ಅಂತೀರಲ್ಲಮ್ಮ, ನಿಮ್ಮ ಯಜಮಾನ್ರ ಆಕ್ಸಿಜನ್ ಮಿಷನ್ ಯಾವ್ ಕರೆಂಟಲ್ಲಿ ಓಡ್ತಿತ್ತು? ನಮ್ದೇ ಅಲ್ವಾ?” ಮುಂದಿನ ಸಾಲಿನವರು ನಕ್ಕರು. “ಕರೆಕ್ಟ್ ಸಾರ್” ಎಂದು ಒಬ್ಬರು ಹೇಳಿದರು.

ಆ ಮಿಷನ್ನಿನ ಸುದ್ದಿ ನಿಮಗೆ ಹೇಗೆ ಗೊತ್ತಾಯಿತೆಂದು ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಸಭೆಯಲ್ಲಿ ನಾನು ಅದನ್ನು ಹೇಳಿರಲಿಲ್ಲ. ಆಮೇಲೆ ನೆನಪಾಯಿತು. ನಮ್ಮವರು ಹಾಸಿಗೆ ಹಿಡಿದಾಗ ನಿಮ್ಮ ಕಚೇರಿಗೆ ಒಂದು ಅರ್ಜಿ ಕೊಟ್ಟಿದ್ದೆ. ಮನೆಯಲ್ಲಿ ಆಕ್ಸಿಜನ್ ಮಿಷನ್ ಮೇಲೆ ಬದುಕಿರುವ ರೋಗಿ ಇದ್ದಾರೆ, ಕರೆಂಟ್ ತೆಗೆಯುವ ಮೊದಲು ದಯವಿಟ್ಟು ಫೋನ್ ಮಾಡಿ ಎಂದು. ಒಂದು ಸಲವೂ ಫೋನ್ ಬರಲಿಲ್ಲ. ಕರೆಂಟ್ ಹೋದಾಗಲೆಲ್ಲ ದರ್ಶನ್ ಸಿಲಿಂಡರ್ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಅರ್ಜಿಯನ್ನು ಯಾರೂ ಓದಿಲ್ಲ ಎಂದುಕೊಂಡು ನಾನೇ ಸಮಾಧಾನ ಮಾಡಿಕೊಂಡಿದ್ದೆ. ನೀವು ಓದಿದ್ದಿರಿ. ಫೋನ್ ಮಾಡಲು ಸಿಗದ ಅರ್ಜಿ, ಇವತ್ತು ನನ್ನ ಬಾಯಿ ಮುಚ್ಚಿಸಲು ಸಿಕ್ಕಿತು.

ನೀವು ಮಿಷನ್ ಎಂದ ಕೂಡಲೇ ನನಗೆ ಅದರ ಸದ್ದು ಕೇಳಿಸಿತು. ಅವರು ಹೋದದ್ದು ಒಂದು ಮಧ್ಯಾಹ್ನ. ಹೋದ ಮೇಲೂ ಅದು ಗುಂಯ್ ಎನ್ನುತ್ತಲೇ ಇತ್ತು. ಆರಿಸಲು ನನಗೆ ಕೈ ಬರಲಿಲ್ಲ. ಬೋರಮ್ಮನವರು ಬಂದು “ಸಾಕು ಬುಡು ಮಗ” ಎಂದು ಸ್ವಿಚ್ಚು ಆರಿಸಿದರು. ಸಭೆಯಲ್ಲಿ ನಾನು ಕುಳಿತದ್ದು ಆ ಸದ್ದು ನಿಲ್ಲಲಿ ಎಂದು. ನಿಮ್ಮ ಗುಮಾಸ್ತರು ಅದನ್ನು ಸಮಾಧಾನ ಎಂದು ಬರೆದುಕೊಂಡರು.

ಉತ್ತರ ಇದು. ಹೌದು, ಅದು ನಿಮ್ಮ ಕರೆಂಟಿನಲ್ಲೇ ಓಡುತ್ತಿತ್ತು. ನಮ್ಮವರು ಅದೇ ಕರೆಂಟಿಗಾಗಿ ಬೂದಿ ತೆಗೆದು, ಅದೇ ಕರೆಂಟಿನಲ್ಲಿ ಉಸಿರಾಡಿ ಹೋದರು. ಇದರಿಂದ ನಿಮ್ಮ ವಾದ ಹೇಗೆ ಗೆಲ್ಲುತ್ತದೆ? ನಲ್ಲಿಯಲ್ಲಿ ಕೊಳಚೆ ನೀರು ಬರುತ್ತಿದೆ ಎಂದು ದೂರು ತಂದವಳಿಗೆ, ಇಷ್ಟು ದಿನ ಇದನ್ನೇ ಕುಡಿದಿರಲ್ಲ ಎಂದು ಹೇಳುತ್ತೀರಾ? ನಾನು ಕರೆಂಟ್ ಬೇಡ ಎನ್ನಲಿಲ್ಲ. ಕರೆಂಟ್ ಎಷ್ಟು ಬೇಕೆಂಬುದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಬೇರೆ ಕಡೆಯಿಂದ ತನ್ನಿ ಎಂದೆ. ರಾತ್ರಿ ಬಿಸಿಲಿಲ್ಲದಾಗ ಏನು ಮಾಡುವುದು ಎಂದು ಕೇಳಿದ್ದರೆ ಅದು ಒಳ್ಳೆಯ ಪ್ರಶ್ನೆಯಾಗುತ್ತಿತ್ತು. ಗಾಳಿ, ಅಣೆಕಟ್ಟು, ದೊಡ್ಡ ಬ್ಯಾಟರಿ ಎಂದು ಕವನಾ ಏನೇನೋ ವಿವರಿಸುತ್ತಾಳೆ. ಅದರ ಲೆಕ್ಕ ನನಗೆ ಬಾರದು. ಆ ಲೆಕ್ಕ ಬಲ್ಲವರೆಂದು ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದ್ದಾರೆ.

ನಡವಳಿಯ ಆ ಸಾಲನ್ನು ಹೊಡೆದು ಹಾಕಿ, ಆಕ್ಷೇಪಣೆ ಉಳಿದಿದೆ ಎಂದು ಬರೆಯಿರಿ. ಒಪ್ಪಂದಕ್ಕೆ ಸಹಿ ಹಾಕಬೇಡಿ. ಹಾಕಲೇಬೇಕು ಎನ್ನುವುದಾದರೆ ಮೊದಲು ನಮ್ಮ ಹಳ್ಳಿಗೆ ಹೋಗಿ, ಅಲ್ಲಿ ಇಂಥದೇ ಒಂದು ಸಭೆ ಕರೆದು, ಇವತ್ತಿನ ಪ್ರಶ್ನೆಯನ್ನು ಮರಿಯಪ್ಪನವರಿಗೆ ಕೇಳಿ. ಅವರು ಕೆಮ್ಮಿ ಮುಗಿಸುವವರೆಗೆ ಕಾಯಿರಿ.

ಇಂತಿ,
ಬೇರೆ ಕಂಪನಿಯಿಂದ ಕರೆಂಟ್ ಕೊಳ್ಳುವ ದಾರಿಯಿಲ್ಲದ ನಿಮ್ಮ ಗ್ರಾಹಕಳು,
ಮುತ್ತವ್ವ ದ್ಯಾಮಪ್ಪ
ಸುಂಕದಕಟ್ಟೆ

ಬರೆದ ಆಕ್ಷೇಪಣೆಗಳನ್ನು ನಾಳೆ ಸಂಜೆ ಐದರವರೆಗೆ ತೆಗೆದುಕೊಳ್ಳುತ್ತೀರೆಂದು ನಿಮ್ಮ ಪ್ರಕಟಣೆಯಲ್ಲಿದೆ. ನಾಳೆ ನಾನು ರೊಟ್ಟಿ ಬಡಿಯುವುದಿಲ್ಲ.