ವಿಮಾನದ ಕಿಟಕಿಯಲ್ಲಿ ನನ್ನ ಕಾಲುವೆ

ಹೈದರಾಬಾದ್, ಮಂಗಳವಾರ

ಸುನೀತಕ್ಕನಿಗೆ ತಮ್ಮ ಸಿದ್ಧರಾಮನ ನಮಸ್ಕಾರ.

ಮೊಣಕಾಲು ತೋರಿಸಲು ಅಳಿಯ ವಿಮಾನದಲ್ಲೇ ಕರೆತಂದ. ಬೆಳಗಾವಿಯಿಂದ ಇಲ್ಲಿಗೆ ನಾನೂರ ಮೂವತ್ತು ಕಿಲೋಮೀಟರಂತೆ, ಒಂದು ತಾಸು ಹತ್ತು ನಿಮಿಷಕ್ಕೆ ಇಳಿಸಿಬಿಟ್ಟರು! ಅರ್ಧ ತಾಸಿನೊಳಗೇ ಕೆಳಗೆ ಆಲಮಟ್ಟಿಯ ನೀರು ಬೆಳ್ಳಿ ತಗಡು ಹಾಸಿದಂತೆ ಹೊಳೆಯಿತು. ಅಷ್ಟು ಚಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಅದರಾಚೆ, ಹತ್ತೊಂಬತ್ತು ವರ್ಷದಿಂದ ನಾನು ಗೇಟು ಎತ್ತುವ ಕಾಲುವೆ, ದಾರದ ಎಳೆಯಷ್ಟು! “ನನ್ನ ಕಾಲುವಿ ನೋಡ್ರಿ!” ಎಂದು ಕೂಗಿಯೇಬಿಟ್ಟೆ. ಪಕ್ಕದ ಸೀಟಿನ ಅಜ್ಜಿ, “ಇಷ್ಟೂ ನಿಂದೇನಪಾ?” ಅಂದಳು.

ಎರಡೂ ದಂಡೆಯ ಹಸಿರು ನೋಡಿ ಎದೆ ಉಬ್ಬಿತು. ಆದರೆ ನಿಮ್ಮೂರ ಗುಡ್ಡ ಬರುವ ಮೊದಲೇ ಆ ಹಸಿರು ಮುಗಿದಿತ್ತು. ಮುಂದೆ ಬರೀ ಒಣ ಮಣ್ಣು.

ಭಾವ ಪ್ರತಿ ವರ್ಷ, “ನೀರು ನಮ್ಮ ಹೊಲದ ತನಕ ಬರಂಗಿಲ್ಲೋ ಸಿದ್ಧರಾಮ” ಅಂದಾಗ, “ನಾ ಗೇಟ್ ತೆಗದೇನ್ರಿ, ಸುಳ್ಳ ಹೇಳಬ್ಯಾಡ್ರಿ” ಎಂದು ಜಗಳಾಡಿದವನು ನಾನು. ಗೇಟಿನ ಹತ್ತಿರ ನಿಂತವನಿಗೆ ಕಾಲುವೆ ಯಾವಾಗಲೂ ತುಂಬಿಯೇ ಕಾಣುತ್ತದೆ ಅಕ್ಕಾ.

ಮೊಣಕಾಲಿಗೆ ಆಪರೇಷನ್ ಬೇಡವಂತೆ, ನಡೆದಷ್ಟೂ ಒಳ್ಳೆಯದಂತೆ. ಭಾನುವಾರ ದಂಡೆ ಹಿಡಿದು ನಿಮ್ಮ ಹೊಲದ ತನಕ ನಡೆದೇ ಬರುತ್ತೇನೆ. ಈ ಕಾರ್ಡನ್ನು ಭಾವನಿಗೆ ಜೋರಾಗಿ ಓದಿ ಹೇಳು.

ಜಾಗ ಮುಗಿಯಿತು. ಗೇಟಿನಿಂದ ನಿಮ್ಮ ಹೊಲದ ಮೇಲಕ್ಕೆ ವಿಮಾನ ಎರಡು ನಿಮಿಷಕ್ಕೆ ಮುಟ್ಟಿತು. ನನಗೆ ಹತ್ತೊಂಬತ್ತು ವರ್ಷ ಹಿಡಿಯಿತು.

ಸಿದ್ಧರಾಮ