ದುರ್ಬೀನಿನ ಬಾರು

ಕೆಚಿಕಾನ್, ಅಲಾಸ್ಕಾ
ಜೂನ್ ೧೧

ಪ್ರಿಯ ಹಾಲ್ವರ್,

ನಿನ್ನ ಕಾಗದ ತಲುಪಿತು. ನನ್ನ ಕಾಲಿನ ಪ್ಲಾಸ್ಟರ್ ಬಿಚ್ಚಲು ಇನ್ನೂ ಎರಡು ವಾರ ಬೇಕಂತೆ. ಈ ವರ್ಷ ಹಕ್ಕಿ ನೋಡುವ ಹಡಗುಯಾನಕ್ಕೆ ನೀನೊಬ್ಬನೇ ಹೋಗಬೇಕಾಯಿತಲ್ಲ ಎಂದು ಮರುಗುತ್ತಿದ್ದೆ. ಕಾಗದ ಓದಿದ ಮೇಲೆ ಮರುಕ ಇಳಿಯಿತು.

ಮಲಗುವ ಗುಡಾರ ಗಾಳಿಗೆ ಹಾರದಂತೆ ಹಡಗಿನ ಡೆಕ್ಕಿಗೆ ಟೇಪು ಹಾಕಿ ಅಂಟಿಸಿದ್ದು, ಮಂಜು ಸರಿದಾಗ ನೀಲಿ ಹಿಮಬಂಡೆಗಳು ತೇಲಿ ಬಂದದ್ದು, ಎಲ್ಲ ಚೆನ್ನಾಗಿ ಬರೆದಿದ್ದೀಯ. ಜೊತೆಗೆ ನಲವತ್ತೊಂದು ಹಕ್ಕಿಗಳ ಹೆಸರು.

ಎರಡು ವರ್ಷದಿಂದ ನಾಲ್ಕು ಮಾರು ಆಚೆಯ ಮನುಷ್ಯನೂ ನಿನಗೆ ಮಸುಕು. ನಾನು ನೋಡಿ ಹೇಳುತ್ತಿದ್ದೆ, ನೀನು ಬರೆದುಕೊಳ್ಳುತ್ತಿದ್ದೆ. ಈಗ ತಲೆ ಎತ್ತಿದ ಕೂಡಲೇ ಮುಳುಗುವ ಮರ್ರೆಲೆಟ್ ಹಕ್ಕಿಯ ಎದೆಯ ಮಚ್ಚೆಯನ್ನೂ ಬರೆದಿದ್ದೀಯ. ನೋಡಿ ಹೇಳಿದವರು ಯಾರೆಂದು ಮಾತ್ರ ಬರೆದಿಲ್ಲ.

ಪಕ್ಕದ ಮನೆಯ ವೆರ್ನಾ ಅದೇ ಹಡಗಿನಲ್ಲಿ ರಾಂಗೆಲ್ ಊರಿನ ತನಕ ಹೋಗಿದ್ದಳಂತೆ. "ಹಾಲ್ವರ್ ಪಕ್ಕದಲ್ಲಿ ಒಬ್ಳ ಬೆನ್ನು ನೋಡಿ, ಪ್ಲಾಸ್ಟರ್ ಬಿಚ್ಚಿಸ್ಕೊಂಡು ನೀನೇ ಬಂದಿದ್ದೀಯ ಅಂದ್ಕೊಂಡು ಕೈ ಬೀಸ್ದೆ ಕಣೇ," ಅಂದಳು.

"ಆಮೇಲೆ?"

"ತಿರುಗಿ ಅವ್ಳೂ ಬೀಸಿದ್ಲು."

ಕಾಲುಚೀಲ ಒಣಗಿಸಿಕೊ. ಹೊಗೆ ಹಾಕಿದ ಸಾಲ್ಮನ್ ಮೀನು ಮೂರು ಡಬ್ಬಿ ಕಟ್ಟಿಕೊಟ್ಟದ್ದು ಒಬ್ಬನಿಗೆ, ಒಬ್ಬನೇ ತಿನ್ನು.

ನೀನು ಒಯ್ದ ದುರ್ಬೀನು ನನ್ನದು. ಅದರ ಬಾರು ನನ್ನ ಕುತ್ತಿಗೆಗೆ ಮೂರನೆಯ ತೂತು, ನಿನ್ನದಕ್ಕೆ ಐದನೆಯದು. ನೀನು ಬಂದಿಳಿಯುವ ದಿನ ಊರುಗೋಲು ಹಿಡಿದು ಬಂದರಿನಲ್ಲಿ ನಿಂತಿರುತ್ತೇನೆ. ನಿನ್ನ ಮುಖಕ್ಕಿಂತ ಮೊದಲು ಆ ಬಾರು ಯಾವ ತೂತಿನಲ್ಲಿದೆ ಎಂದು ನೋಡುತ್ತೇನೆ.

ಹೋದ ವರ್ಷದವರೆಗೂ ನಿನ್ನ ಕಣ್ಣಾಗಿದ್ದ,
ಡಾಗ್ನಿ