ಮೇಜಿನ ಆ ಬದಿಯ ಸಾಲು

ಗೆಳೆಯಾ, ನಿನ್ನ ಹೆಸರು ಬರೆಯುವ ಧೈರ್ಯವಿಲ್ಲ, ಕ್ಷಮಿಸು. ರಾಣಿಯನ್ನು ಹಂಗಿಸುವ ಆ ನಾಟಕ ನಿನ್ನದೆಂಬ ಗುಮಾನಿಯ ಮೇಲೆ ನಿನ್ನನ್ನು ಲಂಡನ್ನಿನ ಸೆರೆಮನೆಗೆ ಒಯ್ದು ಒಂಬತ್ತು ದಿನವಾಯಿತು. ಸಾಕ್ಷಿ ಹುಡುಕುತ್ತಾ ಇವತ್ತು ಬೆಳಿಗ್ಗೆ ರಾಣಿಯ ಅಧಿಕಾರಿಯೊಬ್ಬ ನಮ್ಮ ಮನೆಗೂ ಬಂದ.

ಅದೇ ನಾಟಕದ ಪದ್ಯಕ್ಕೆ ನಾನು ರಾಗ ಹಾಕಿದ ಹಾಳೆ ಮೇಜಿನ ಮೇಲೇ ಇತ್ತು. ಮೇಜಿನ ಸುತ್ತ ಕೂತು ಹಾಡಲೆಂದು ಒಬ್ಬೊಬ್ಬರು ಹಾಡುವ ಸಾಲನ್ನೂ ಅವರವರ ಬದಿಗೆ ತಿರುಗಿಸಿ ಬರೆಯುತ್ತೇವಲ್ಲ? ಅಧಿಕಾರಿ ನಿನ್ನ ಕುರ್ಚಿಯಲ್ಲೇ ಕೂತ. ನಿನ್ನ ಸಾಲು ಅವನಿಗೆ ನೆಟ್ಟಗೆ ಕಂಡಿತು.

"ಯಾರ್ದಯ್ಯಾ ಈ ಪದ್ಯ?"

"ಹಳೇದು ಸ್ವಾಮಿ. ಯಾರು ಬರೆದ್ರೋ ಗೊತ್ತಿಲ್ಲ."

"ಗೊತ್ತಿಲ್ವಾ? ಸರಿ, ಲ್ಯೂಟ್ ತಗೋ. ಹಾಡೇಬಿಡೋಣ."

ಗೋಡೆಗೆ ತೂಗುಹಾಕಿದ್ದ ಲ್ಯೂಟ್ ಇಳಿಸಿ ತಂತಿ ಮೀಟಿದೆ. ಅವನು ಒಂದೂ ತಪ್ಪಿಲ್ಲದೆ, ನಿನಗಿಂತ ಚೆನ್ನಾಗಿ ಹಾಡಿದ. ಒಲೆಯ ಬಳಿಯಿದ್ದ ನನ್ನ ಹೆಂಡತಿ ಅರ್ಸುಲಾ ಮುಖ ತಿರುಗಿಸಿಕೊಂಡಳು.

ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ನಾಳೆ ಬರ್ತೀನಿ. ಅಷ್ಟರಲ್ಲಿ ಬರೆದವನ ಹೆಸರು ನೆನಪು ಮಾಡ್ಕೋ. ಇಲ್ದಿದ್ರೆ ನೀನೇ ಬರೆದೆ ಅಂದ್ಕೋತೀವಿ," ಎಂದ.

ಹಾಳೆ ಸುಡುವಂತಿಲ್ಲ, ನಾಳೆ ಕೇಳುತ್ತಾನೆ. ಈ ಕಾಗದ ಮಾತ್ರ ಈಗಲೇ ಒಲೆಗೆ. ಭಯವಾಗುತ್ತಿದೆ ಕಣೋ. ನಿನ್ನ ಹೆಸರು ನನಗೆ ತುಂಬಾ ಚೆನ್ನಾಗಿ ನೆನಪಿದೆ.